ಲೋಕದ ಘಟನೆಗಳು, ಕುಂದಾಪುರ ಸೀಮೆಯ ಗೇರುಬೀಜ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಗೇರುಬೀಜ ಕಾರ್ಖಾನೆಯೊಂದರ ಖರೀದಿ ಪುಸ್ತಕವನ್ನು ತೆರೆದರೆ ಅಲ್ಲಿ ಎರಡು ಬಗೆಯ ಊರುಗಳ ಹೆಸರು ಕಾಣುತ್ತದೆ. ಮಾರ್ಚ್‌ನಿಂದ ಮೇ ಕೊನೆಯವರೆಗಿನ ಪುಟಗಳಲ್ಲಿ ವಂಡ್ಸೆ, ಕೊಲ್ಲೂರು, ಶಂಕರನಾರಾಯಣ, ಹೆಬ್ರಿ. ಉಳಿದ ಪುಟಗಳಲ್ಲಿ ಐವರಿ ಕೋಸ್ಟ್, ಘಾನಾ, ಬೆನಿನ್, ಗಿನಿ-ಬಿಸ್ಸಾವು, ಟಾಂಜಾನಿಯಾ. ಊರಿನ ಗುಡ್ಡಗಳಲ್ಲಿ ಬೆಳೆದ ಬೀಜ ಕಾರ್ಖಾನೆಯ ವರ್ಷದ ದುಡಿಮೆಗೆ ಸಾಲದು. ಆದುದರಿಂದ ಆಫ್ರಿಕದ ಬೀಜ ಹಡಗಿನಲ್ಲಿ ಬರಬೇಕು, ಅದರ ಬೆಲೆ ಡಾಲರಿನಲ್ಲಿ ಸಲ್ಲಬೇಕು. ಜಗತ್ತಿನ ದೊಡ್ಡ ಘಟನೆಗಳು ಈ ಸೀಮೆಯ ಉದ್ದಿಮೆಯನ್ನು ಒಳಹೊಕ್ಕಿದ್ದು ಈ ಪುಸ್ತಕದ ಮೂಲಕವೇ.

ಯುದ್ಧ, ಕ್ರಾಂತಿ, ಬ್ಯಾಂಕುಗಳ ಕುಸಿತ ಮುಂತಾದವು ಪತ್ರಿಕೆಯ ಮುಖಪುಟಕ್ಕೆ ಬರುವ ದಿನ ಬೇರೆ, ಸಣ್ಣ ಉದ್ದಿಮೆದಾರನ ಲೆಕ್ಕಕ್ಕೆ ಬರುವ ದಿನ ಬೇರೆ. ಎರಡರ ನಡುವೆ ಕೆಲವೊಮ್ಮೆ ಆರು ವಾರ, ಕೆಲವೊಮ್ಮೆ ಹತ್ತು ವರ್ಷಗಳ ಅಂತರವಿರುತ್ತದೆ. ಘಟನೆ ಎಷ್ಟು ದೊಡ್ಡದು ಎಂಬುದರ ಮೇಲೆ ನಷ್ಟದ ಗಾತ್ರ ನಿಂತಿರುವುದಿಲ್ಲ. ಆ ದಿನ ವ್ಯಾಪಾರದ ಒಂದು ಬದಿಯನ್ನು ಕಟ್ಟಿಹಾಕಿ ಇನ್ನೊಂದು ಬದಿಯನ್ನು ತೆರೆದಿಟ್ಟವರು ಯಾರು ಎಂಬುದರ ಮೇಲೆ ನಿಂತಿರುತ್ತದೆ. ಕಳೆದ ಐದು ದಶಕಗಳ ಗೇರು ವ್ಯಾಪಾರವನ್ನು ಈ ದೃಷ್ಟಿಯಿಂದ ನೋಡುವುದು ಉಪಯುಕ್ತ.

ಲಿಸ್ಬನ್‌ನಿಂದ ಬೈಂದೂರಿನ ಗುಡ್ಡಕ್ಕೆ

1970ರ ದಶಕದ ಆರಂಭದಲ್ಲಿ ಜಗತ್ತಿನಲ್ಲಿ ಅತಿ ಹೆಚ್ಚು ಗೇರುಬೀಜ ಬೆಳೆಯುತ್ತಿದ್ದ ದೇಶ ಮೊಜಾಂಬಿಕ್. ಅದು ಪೋರ್ಚುಗೀಸರ ವಸಾಹತು. ಗೇರುಮರವನ್ನು ಕರಾವಳಿಗೆ ತಂದವರೂ ಪೋರ್ಚುಗೀಸರೇ ಎಂಬುದು ಇಲ್ಲಿ ನೆನಪಾಗುವ ಸಂಗತಿ. ಪೂರ್ವ ಆಫ್ರಿಕದಿಂದ ಬರುತ್ತಿದ್ದ ಬೀಜವನ್ನು ಸುಟ್ಟು, ಒಡೆದು, ಸಿಪ್ಪೆ ಸುಲಿದು ತಿರುಳನ್ನು ವಿದೇಶಗಳಿಗೆ ಕಳುಹಿಸುವುದು ಕೊಲ್ಲಂ ಮತ್ತು ಮಂಗಳೂರು ಕಡೆಯ ಕಾರ್ಖಾನೆಗಳ ಮುಖ್ಯ ಕಸುಬಾಗಿತ್ತು. ಆಮದನ್ನು ಒಂದೇ ಕೈಯಲ್ಲಿ ಹಿಡಿಯಲು ಕೇಂದ್ರ ಸರ್ಕಾರವು 1970ರಲ್ಲಿ ಕ್ಯಾಶ್ಯೂ ಕಾರ್ಪೊರೇಷನ್ ಆಫ್ ಇಂಡಿಯಾ ಎಂಬ ನಿಗಮವನ್ನು ಸ್ಥಾಪಿಸಿತು.

1974ರ ಏಪ್ರಿಲ್ 25ರಂದು ಲಿಸ್ಬನ್‌ನಲ್ಲಿ ಸೈನಿಕರು ದಂಗೆಯೆದ್ದು ಅಲ್ಲಿನ ಸರ್ವಾಧಿಕಾರಿ ಸರ್ಕಾರವನ್ನು ಉರುಳಿಸಿದರು. ಮರುವರ್ಷ ಜೂನ್ 25ರಂದು ಮೊಜಾಂಬಿಕ್ ಸ್ವತಂತ್ರವಾಯಿತು. ಪೋರ್ಚುಗೀಸ್ ವರ್ತಕರು ದೇಶ ಬಿಟ್ಟರು, ಹಳ್ಳಿಗಳಿಂದ ಬೀಜ ಒಟ್ಟುಮಾಡುವ ಅಂಗಡಿಗಳು ಮುಚ್ಚಿದವು, 1977ರಿಂದ 1992ರವರೆಗೆ ಅಂತರ್ಯುದ್ಧ ನಡೆಯಿತು. ಅಲ್ಲಿನ ಬೀಜದ ಉತ್ಪನ್ನ ಹಲವು ಪಟ್ಟು ಕುಸಿಯಿತು. ಆಮದನ್ನು ನೆಚ್ಚಿಕೊಳ್ಳಲಾಗದ ಆ ವರ್ಷಗಳಲ್ಲಿಯೇ, 1978ರಲ್ಲಿ, ಮಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಕರ್ನಾಟಕ ಗೇರು ಅಭಿವೃದ್ಧಿ ನಿಗಮ ಹುಟ್ಟಿತು. ಕುಂದಾಪುರ, ಬೈಂದೂರು ಕಡೆಯ ಮುರಕಲ್ಲಿನ ಗುಡ್ಡಗಳಲ್ಲಿ ಇಂದು ಕಾಣುವ ಸಾಲುಸಾಲು ಗೇರುತೋಪುಗಳ ಹಿಂದೆ, ಒಂದು ಅರ್ಥದಲ್ಲಿ, ಲಿಸ್ಬನ್‌ನ ಆ ಏಪ್ರಿಲ್ ದಿನವಿದೆ. ಅಂದು ಅದನ್ನು ಪತ್ರಿಕೆಯಲ್ಲಿ ಓದಿದ ಕಾರ್ಖಾನೆ ಮಾಲೀಕರಲ್ಲಿ ಎಷ್ಟು ಮಂದಿ ತಮ್ಮ ಬೀಜದ ದಾಸ್ತಾನನ್ನು ನೆನೆದಿದ್ದರೋ!

ಇದಕ್ಕೊಂದು ಉತ್ತರಾರ್ಧವೂ ಇದೆ. 1990ರ ದಶಕದ ಮಧ್ಯದಲ್ಲಿ ವಿಶ್ವ ಬ್ಯಾಂಕಿನ ಒತ್ತಾಯಕ್ಕೆ ಮಣಿದು ಮೊಜಾಂಬಿಕ್ ಸರ್ಕಾರವು ಕಚ್ಚಾ ಬೀಜದ ರಫ್ತಿನ ಮೇಲಿದ್ದ ನಿರ್ಬಂಧಗಳನ್ನು ಸಡಿಲಿಸಿತು. ಬೀಜ ಭಾರತಕ್ಕೆ ಹರಿಯಿತು, ಅಲ್ಲಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿ ಸಾವಿರಾರು ಕಾರ್ಮಿಕರು ಕೆಲಸ ಕಳೆದುಕೊಂಡರು. ಕೊನೆಗೆ ಆ ದೇಶವು ಕಚ್ಚಾ ಬೀಜದ ರಫ್ತಿನ ಮೇಲೆ ಶೇ. 18ಕ್ಕೆ ಕಡಿಮೆಯಿಲ್ಲದ ಸುಂಕ ವಿಧಿಸಿತು. ಕರಾವಳಿಯ ಕಾರ್ಖಾನೆಗಳಿಗೆ ಅಗ್ಗದ ಬೀಜ ದೊರೆತದ್ದು ಇನ್ನೊಂದು ಕರಾವಳಿಯ ಮಹಿಳೆಯರ ಕೂಲಿಯನ್ನು ತೆತ್ತು. ಬೀಜ ಬೆಳೆಯುವ ದೇಶಗಳು ಇಂದು ತಮ್ಮಲ್ಲಿಯೇ ಸಂಸ್ಕರಣೆ ನಡೆಯಬೇಕೆಂದು ಹಟ ಹಿಡಿದಿರುವುದಕ್ಕೆ ಈ ಅನುಭವವೂ ಒಂದು ಕಾರಣ.

ಕುವೈತ್, ಮಾಸ್ಕೋ, ಮತ್ತು ಜುಲೈ ತಿಂಗಳ ಎರಡು ದಿನಗಳು

1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತನ್ನು ಆಕ್ರಮಿಸಿತು. ಅಲ್ಲಿದ್ದ ಸುಮಾರು 1 ಲಕ್ಷ 70 ಸಾವಿರ ಭಾರತೀಯರಲ್ಲಿ ಬಹುತೇಕರು ಜೋರ್ಡಾನಿನ ಅಮ್ಮಾನ್ ಮಾರ್ಗವಾಗಿ, ಏರ್ ಇಂಡಿಯಾ ವಿಮಾನಗಳಲ್ಲಿ ಮರಳಿದರು. ಅವರಲ್ಲಿ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯವರೂ ಇದ್ದರು. ಗಲ್ಫ್ ಹಣವನ್ನು ನೆಚ್ಚಿ ಸಾಲದ ಪುಸ್ತಕ ತೆರೆದಿದ್ದ ಬಟ್ಟೆಯಂಗಡಿ, ಹಂಚು, ಸಿಮೆಂಟು, ಚಿನ್ನದ ವ್ಯಾಪಾರಿಗಳಿಗೆ ಆ ಘಟನೆ ನೇರವಾಗಿ ತಟ್ಟುವಂಥದ್ದು. ಗೇರು ಉದ್ದಿಮೆಗೆ ಅದು ಸುತ್ತುದಾರಿಯಲ್ಲಿ ಬಂದಿತು. ತೈಲದ ಬೆಲೆ ಎರಡು ತಿಂಗಳಲ್ಲಿ ದುಪ್ಪಟ್ಟಾಯಿತು, ಅನಿವಾಸಿಗಳ ಠೇವಣಿ ಹಿಂದೆ ಸರಿಯಿತು, ದೇಶದ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿಯಿತು. ಹಲವು ಸರಕುಗಳ ಆಮದಿಗೆ ಎಲ್‌ಸಿ ತೆರೆಯಲು ಶೇ. 200ರವರೆಗೆ ನಗದು ಮಾರ್ಜಿನ್ ಇಡಬೇಕಾದ ಸ್ಥಿತಿ ಒದಗಿತು. 1991ರ ಜುಲೈನಲ್ಲಿ 47 ಟನ್ ಚಿನ್ನವನ್ನು ವಿದೇಶಕ್ಕೆ ಕಳುಹಿಸಿ ಒತ್ತೆಯಿಡಲಾಯಿತು. ಅದೇ ತಿಂಗಳ 1 ಮತ್ತು 3ರಂದು ಎರಡು ಕಂತುಗಳಲ್ಲಿ ರೂಪಾಯಿಯ ಅಪಮೌಲ್ಯವಾಗಿ ಡಾಲರಿಗೆ 21 ರೂಪಾಯಿಯಷ್ಟಿದ್ದ ದರ 26ರ ಸಮೀಪಕ್ಕೆ ಏರಿತು.

ರಫ್ತುದಾರರಿಗೆ ಇದು ಹಬ್ಬ ಎಂಬ ಮಾತು ಅಂದು ಸಾಮಾನ್ಯವಾಗಿತ್ತು. ಮಾತು ಅರ್ಧ ಮಾತ್ರ ನಿಜ. ತಿರುಳನ್ನು ಡಾಲರಿನಲ್ಲಿ ಮಾರಿ ಹಣ ಇನ್ನೂ ಬರಬೇಕಾಗಿದ್ದವನಿಗೆ ಪ್ರತಿ ಡಾಲರಿಗೆ ಐದು ರೂಪಾಯಿ ಹೆಚ್ಚು ದೊರೆಯಿತು. ಜೂನ್ ತಿಂಗಳಲ್ಲಿಯೇ ಮಂಗಳೂರಿನ ರಫ್ತುದಾರನಿಗೆ ರೂಪಾಯಿಯಲ್ಲಿ ಬೆಲೆ ಗೊತ್ತುಮಾಡಿ ತಿರುಳು ಒಪ್ಪಿಸಲು ಮಾತುಕೊಟ್ಟಿದ್ದ ಸಣ್ಣ ಕಾರ್ಖಾನೆದಾರನಿಗೆ ಒಂದು ಪೈಸೆಯೂ ಹೆಚ್ಚಾಗಿ ಬರಲು ಆಸ್ಪದವಿರಲಿಲ್ಲ. ಮುಂದಿನ ಬೀಜದ ಖರೀದಿಗೆ ಮಾತ್ರ ಅವನು ಹೊಸ ದರವನ್ನೇ ತೆರಬೇಕಾಗಿತ್ತು. ಒಂದೇ ಘಟನೆ, ಒಂದೇ ಸರಕು. ಒಪ್ಪಂದ ಯಾವ ನಾಣ್ಯದಲ್ಲಿತ್ತು ಎಂಬುದರಿಂದಲೇ ಒಬ್ಬನ ಲಾಭ, ಇನ್ನೊಬ್ಬನ ಇಕ್ಕಟ್ಟು ನಿರ್ಧಾರವಾಯಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟ ವಿಸರ್ಜನೆಗೊಂಡಿತು. ಭಾರತದ ಗೇರುತಿರುಳಿಗೆ ಅಮೆರಿಕದಂತೆ ಸೋವಿಯತ್ ಒಕ್ಕೂಟವೂ ದೊಡ್ಡ ಗಿರಾಕಿಯಾಗಿತ್ತು, ಮತ್ತು ಆ ವ್ಯಾಪಾರ ರೂಪಾಯಿಯಲ್ಲಿಯೇ ನಡೆಯುತ್ತಿತ್ತು. ಸರ್ಕಾರಿ ಖರೀದಿಯಾದುದರಿಂದ ಗುಣಮಟ್ಟದ ತಕರಾರೂ ಕಡಿಮೆ ಎಂಬ ಹೆಸರಿತ್ತು. ಆ ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ಅಮೆರಿಕ, ಯೂರೋಪು, ಕೊಲ್ಲಿ ರಾಷ್ಟ್ರಗಳ ಡಾಲರ್ ಮಾರುಕಟ್ಟೆ. ತೇವಾಂಶ, ಕೀಟ, ಮುರುಕಿನ ಪ್ರಮಾಣಗಳನ್ನು ಅಳೆದು ನೋಡುವ ಈ ಗಿರಾಕಿಗಳಿಗಾಗಿ ಅಂಗಳದಲ್ಲಿ ಒಣಗಿಸಿ ತಗಡಿನ ಡಬ್ಬಿಯಲ್ಲಿ ತುಂಬುವ ಹಳೆಯ ಕ್ರಮವನ್ನು ಕಾರ್ಖಾನೆಗಳು ತಿದ್ದಿಕೊಳ್ಳಬೇಕಾಯಿತು.

ಸದ್ದಿಲ್ಲದೆ ಬಂದ ಸ್ಪರ್ಧೆ

ಮುಖಪುಟದ ಸುದ್ದಿಯಾಗದೆ ಎಲ್ಲಕ್ಕಿಂತ ಹೆಚ್ಚು ಪರಿಣಾಮ ಬೀರಿದ್ದು ವಿಯೆಟ್ನಾಂ. 1994ರ ಫೆಬ್ರವರಿಯಲ್ಲಿ ಅಮೆರಿಕವು ಆ ದೇಶದ ಮೇಲಿನ ವ್ಯಾಪಾರ ನಿರ್ಬಂಧವನ್ನು ತೆಗೆಯಿತು, 1995ರಲ್ಲಿ ರಾಜತಾಂತ್ರಿಕ ಸಂಬಂಧ ಕುದುರಿತು, 2001ರ ಕೊನೆಗೆ ಉಭಯ ದೇಶಗಳ ವ್ಯಾಪಾರ ಒಪ್ಪಂದ ಜಾರಿಗೆ ಬಂದಿತು. ಯುದ್ಧದ ಗಾಯ ಮಾಯುತ್ತಿದೆ ಎಂಬ ಸಂತೋಷದ ಸುದ್ದಿಯಾಗಿ ಇವನ್ನು ಓದಿದವರೇ ಹೆಚ್ಚು. 2006ರ ವೇಳೆಗೆ ತಿರುಳಿನ ರಫ್ತಿನಲ್ಲಿ ವಿಯೆಟ್ನಾಂ ಭಾರತವನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೇರಿತು. ಬೀಜ ಒಡೆಯುವುದನ್ನೂ ಸಿಪ್ಪೆ ತೆಗೆಯುವುದನ್ನೂ ಅಲ್ಲಿ ಯಂತ್ರಕ್ಕೆ ಒಪ್ಪಿಸಿದ್ದರು. ಇಲ್ಲಿ ಅದು ಸಾವಿರಾರು ಹೆಣ್ಣುಮಕ್ಕಳ ಕೈಕೆಲಸವಾಗಿಯೇ ಉಳಿದಿತ್ತು. ಆಫ್ರಿಕದ ಬೀಜದ ಹರಾಜಿನಲ್ಲಿ ಎರಡೂ ದೇಶಗಳು ಪೈಪೋಟಿಗಿಳಿದು ಬೀಜದ ಬೆಲೆ ಏರಿಸಿದವು, ತಿರುಳಿನ ಪೇಟೆಯಲ್ಲಿ ಅದೇ ಪೈಪೋಟಿ ಬೆಲೆಯನ್ನು ಇಳಿಸಿತು.

ಹನ್ನೆರಡು ವರ್ಷಗಳ ಕಾಲ ಮುನ್ಸೂಚನೆ ಕೊಟ್ಟು ಬಂದ ಸ್ಪರ್ಧೆಯಿದು. ಕಾರ್ಖಾನೆಗಳನ್ನು ಉಳಿಸಿದ್ದು ದೇಶದೊಳಗಿನ ಗಿರಾಕಿ. ಮಿಠಾಯಿ ಅಂಗಡಿ, ಹೋಟೆಲು, ಮದುವೆ, ದೀಪಾವಳಿಯ ಉಡುಗೊರೆ ಪೆಟ್ಟಿಗೆಗಳ ಬೇಡಿಕೆ ಬೆಳೆದು ತಿರುಳಿನ ಹೆಚ್ಚಿನ ಭಾಗ ದೇಶದಲ್ಲಿಯೇ ಮಾರಾಟವಾಗತೊಡಗಿತು. ಅಗ್ಗದ ವಿದೇಶಿ ತಿರುಳು ಈ ಪೇಟೆಗೂ ನುಗ್ಗತೊಡಗಿದಾಗ 2019ರ ಜೂನ್‌ನಲ್ಲಿ ಕೇಂದ್ರ ಸರ್ಕಾರವು ಕನಿಷ್ಠ ಆಮದು ಬೆಲೆಯನ್ನು ಇಡೀ ತಿರುಳಿಗೆ ಕಿಲೋಗ್ರಾಂಗೆ 720 ರೂಪಾಯಿಗೂ ತುಂಡಿಗೆ 680 ರೂಪಾಯಿಗೂ ಏರಿಸಿತು. ಆದರೆ ದೇಶೀಯ ಪೇಟೆಗೆ ತಿರುಗಿದ್ದರಿಂದ ಇನ್ನೊಂದು ತೊಡಕು ಹುಟ್ಟಿತು. ಹಿಂದೆ ಬೀಜವನ್ನೂ ಡಾಲರಿನಲ್ಲಿ ಕೊಂಡು ತಿರುಳನ್ನೂ ಡಾಲರಿನಲ್ಲಿ ಮಾರುವಾಗ ವಿನಿಮಯ ದರದ ಏರಿಳಿತ ತನ್ನಿಂದ ತಾನೇ ಬಹುಮಟ್ಟಿಗೆ ಸರಿದೂಗುತ್ತಿತ್ತು. ಈಗ ಕೊಳ್ಳುವುದು ಡಾಲರಿನಲ್ಲಿ, ಮಾರುವುದು ರೂಪಾಯಿಯಲ್ಲಿ.

2008: ಒಂದು ಲೆಕ್ಕ

2007ರಲ್ಲಿ ರೂಪಾಯಿ ಬಲಗೊಂಡು ಡಾಲರಿನ ದರ 44ರಿಂದ 39ರ ಸುತ್ತಮುತ್ತಲಿಗೆ ಇಳಿದಿತ್ತು. ಡಾಲರ್ ಇನ್ನೂ ಇಳಿಯುವುದೆಂದು ನಂಬಿದ ರಫ್ತುದಾರರು ಮುಂದಿನ ಗಳಿಕೆಯನ್ನು ಆ ದರಕ್ಕೇ ಮುಂಗಡವಾಗಿ ಮಾರಿದರು. ದೇಶದ ಹಲವು ಉದ್ದಿಮೆಗಳು ಇನ್ನೂ ಮುಂದೆ ಹೋಗಿ, ತಮಗೆ ಸಂಬಂಧವೇ ಇಲ್ಲದ ಯೆನ್, ಸ್ವಿಸ್ ಫ್ರಾಂಕ್‌ಗಳ ಮೇಲೆ ಬ್ಯಾಂಕುಗಳು ಹೆಣೆದುಕೊಟ್ಟ ಡೆರಿವೇಟಿವ್ ಒಪ್ಪಂದಗಳಿಗೆ ಸಹಿ ಹಾಕಿ ನ್ಯಾಯಾಲಯದ ಮೆಟ್ಟಿಲೇರಿದವು. ಆಮದುದಾರರು ನಿಶ್ಚಿಂತರಾಗಿದ್ದರು. ಆಗ ಡಾಲರಿಗೆ ಮುಂಗಡ ಕವರ್ ತೆಗೆದವನು ಪೇಟೆಯಲ್ಲಿ ನಗೆಪಾಟಲಿಗೆ ಗುರಿಯಾಗುವ ಸ್ಥಿತಿಯಿತ್ತು.

2008ರ ಸೆಪ್ಟೆಂಬರ್ 15ರಂದು ನ್ಯೂಯಾರ್ಕಿನ ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿತು. ಅದರ ಪರಿಣಾಮ ಕಾರ್ಖಾನೆಯ ಲೆಕ್ಕಕ್ಕೆ ಹೇಗೆ ಬರುತ್ತದೆಂಬುದನ್ನು ಉದಾಹರಣೆಯಿಂದ ನೋಡಬಹುದು. ಕಾರ್ಖಾನೆಯೊಂದು ಏಪ್ರಿಲ್‌ನಲ್ಲಿ, ಡಾಲರಿಗೆ 40 ರೂಪಾಯಿ ಇರುವಾಗ, 100 ಟನ್ ಬೀಜವನ್ನು ಲೆಕ್ಕದ ಸೌಕರ್ಯಕ್ಕಾಗಿ ಟನ್ನಿಗೆ 1,000 ಡಾಲರಿನಂತೆ, ಆರು ತಿಂಗಳ ವಾಯಿದೆಯ ಎಲ್‌ಸಿ ಮೇಲೆ ಖರೀದಿಸಿತೆಂದಿಟ್ಟುಕೊಂಡರೆ ಬೀಜದ ಬೆಲೆ 40 ಲಕ್ಷ ರೂಪಾಯಿ. 80 ಕಿಲೋ ಚೀಲಕ್ಕೆ 48 ಪೌಂಡ್ ಔಟ್‌ಟರ್ನ್ ಬಂದರೆ 1,250 ಚೀಲಗಳಿಂದ ಸುಮಾರು 27,200 ಕಿಲೋ ತಿರುಳು. ಮಾಲೀಕನು 40 ಲಕ್ಷಕ್ಕೆ ಕೂಲಿ, ಸೌದೆ, ಬಡ್ಡಿ ಸೇರಿಸಿ, ಮೇಲೆ ಕಿಲೋಗೆ ಹತ್ತು-ಹದಿನೈದು ರೂಪಾಯಿ ಲಾಭವಿಟ್ಟು ಮಳೆಗಾಲದಲ್ಲಿಯೇ ತಿರುಳನ್ನು ರೂಪಾಯಿಗೆ ಮಾರಿ ಮುಗಿಸುತ್ತಾನೆ. ಅಕ್ಟೋಬರಿನಲ್ಲಿ ಹಣ ಕಟ್ಟುವ ದಿನ ಡಾಲರಿನ ದರ 48. ಕಟ್ಟಬೇಕಾದದ್ದು 48 ಲಕ್ಷ. ಹೆಚ್ಚುವರಿ 8 ಲಕ್ಷವನ್ನು ತಿರುಳಿನ ಮೇಲೆ ಹಂಚಿದರೆ ಕಿಲೋಗೆ 29 ರೂಪಾಯಿ. ಎಣಿಸಿದ ಲಾಭ ಹೋಗಿ ಅಷ್ಟೇ ನಷ್ಟ ಮೇಲೆ ಬಿತ್ತು. ಅದೂ ಸರಕು ಕೈಬಿಟ್ಟು ಹೋದ ಮೇಲೆ.

ಇದೇ ಮಾಲೀಕನು ಖರೀದಿಯ ದಿನವೇ ವರ್ಷಕ್ಕೆ ಶೇ. 3ರ ಪ್ರೀಮಿಯಮ್ಮಿನಲ್ಲಿ ಆರು ತಿಂಗಳ ಮುಂಗಡ ಕವರ್ ತೆಗೆದಿದ್ದರೆ ಅದರ ವೆಚ್ಚ 60,000 ರೂಪಾಯಿ, ಅಂದರೆ ಕಿಲೋಗೆ ಎರಡು ರೂಪಾಯಿ ಚಿಲ್ಲರೆ. ದರ ಕದಲದ ವರ್ಷ ಆ ಎರಡು ರೂಪಾಯಿ ವ್ಯರ್ಥವೆನಿಸುವುದು ಸಹಜ. ಆದರೆ ಬೆಂಕಿ ವಿಮೆಯ ಕಂತನ್ನು ಕಾರ್ಖಾನೆ ಸುಡಲಿಲ್ಲವೆಂಬ ಕಾರಣಕ್ಕೆ ವ್ಯರ್ಥವೆನ್ನುವ ಮಾಲೀಕರಿಲ್ಲ.

ವರ್ಷಾಂತ್ಯದ ಲೆಕ್ಕದಲ್ಲಿಯೂ ಒಂದು ಸೂಕ್ಷ್ಮವಿದೆ. ಲೆಕ್ಕ ಪರಿಶೋಧಕರ ಸಂಸ್ಥೆಯ 11ನೇ ಲೆಕ್ಕಪತ್ರ ಮಾನದಂಡದ ಪ್ರಕಾರ, ಮಾರ್ಚ್ 31ರಂದು ಕೊಡಲು ಬಾಕಿಯಿರುವ ಡಾಲರ್ ಹಣವನ್ನು ಆ ದಿನದ ದರದಲ್ಲಿಯೇ ತೋರಿಸಬೇಕು, ವ್ಯತ್ಯಾಸವನ್ನು ಲಾಭ-ನಷ್ಟ ಖಾತೆಗೆ ಒಯ್ಯಬೇಕು. ದಾಸ್ತಾನಿನ ಬೀಜವನ್ನು ಮಾತ್ರ ಹಳೆಯ ದರದ ವೆಚ್ಚ ಅಥವಾ ಮಾರಿದರೆ ಬರುವ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆಯದಕ್ಕೆ ನಿಲ್ಲಿಸಬೇಕು. 2009ರ ಮಾರ್ಚ್ 31ರಂದು ಡಾಲರ್ 51ರ ಸಮೀಪವಿದ್ದಾಗ ಹಲವು ಮಾಲೀಕರ ಪ್ರಶ್ನೆ ಒಂದೇ ಆಗಿತ್ತು: ಇನ್ನೂ ಕೊಡದ ಹಣಕ್ಕೆ ಈಗಲೇ ನಷ್ಟ ಏಕೆ? ಏಕೆಂದರೆ ಸಾಲ ಬೆಳೆದಿರುವುದು ನಿಜ. ಆ ನಷ್ಟವನ್ನು ಆದಾಯ ತೆರಿಗೆಯಲ್ಲಿ ಕಳೆಯಬಹುದೇ ಎಂಬ ಬಹುಕಾಲದ ವಿವಾದವನ್ನು 2009ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ವುಡ್‌ವರ್ಡ್ ಗವರ್ನರ್ ಪ್ರಕರಣದಲ್ಲಿ ತೆರಿಗೆದಾರರ ಪರವಾಗಿ ಬಗೆಹರಿಸಿತು. 2013ರ ಆಗಸ್ಟ್‌ನಲ್ಲಿ ಅಮೆರಿಕದ ಕೇಂದ್ರ ಬ್ಯಾಂಕು ಹಣದ ಹರಿವನ್ನು ತಗ್ಗಿಸುವುದೆಂಬ ಸೂಚನೆಯಿಂದಲೇ ಡಾಲರ್ 68 ದಾಟಿದಾಗ 2008ರ ಕಥೆ ಮರುಕಳಿಸಿತು.

ಬೆಲೆಯೇ ಬಿದ್ದಾಗ

ಮುಂಗಡ ಕವರ್ ಎಲ್ಲಕ್ಕೂ ಮದ್ದಲ್ಲ ಎಂಬುದನ್ನು ತೋರಿಸಿದ್ದು 2018. ಆ ವರ್ಷದ ಆರಂಭದಲ್ಲಿ ಆಫ್ರಿಕದ ಬೀಜ ಟನ್ನಿಗೆ ಎರಡು ಸಾವಿರ ಡಾಲರಿನ ಆಸುಪಾಸಿನಲ್ಲಿತ್ತು. ಆ ಬೆಲೆಗೆ ಒಪ್ಪಂದ ಮಾಡಿದ ಬೀಜ ಬಂದರು ಸೇರುವಷ್ಟರಲ್ಲಿ ತಿರುಳಿನ ಬೆಲೆ ಕುಸಿಯತೊಡಗಿತ್ತು. ಸಾಲದೆಂಬಂತೆ, ಮುಂಬಯಿಯ ವಜ್ರ ವ್ಯಾಪಾರಿಗಳ ಬ್ಯಾಂಕ್ ವಂಚನೆ ಬಯಲಾದ ಮೇಲೆ ಮಾರ್ಚ್ 13ರಂದು ರಿಸರ್ವ್ ಬ್ಯಾಂಕು ಆಮದು ಸಾಲಕ್ಕೆ ಬ್ಯಾಂಕುಗಳು ಕೊಡುತ್ತಿದ್ದ ಹೊಣೆಪತ್ರಗಳನ್ನು ಒಮ್ಮೆಲೇ ನಿಲ್ಲಿಸಿತು. ಅಗ್ಗದ ವಿದೇಶಿ ಸಾಲದ ಆ ದಾರಿ ಮುಚ್ಚಿದ್ದರಿಂದ ಯಾವ ತಪ್ಪೂ ಮಾಡದ ಗೇರು ಆಮದುದಾರರೂ ಹೊಸ ಏರ್ಪಾಡು ಹುಡುಕಬೇಕಾಯಿತು. ಕೊಲ್ಲಂನಲ್ಲಿ ಅನೇಕ ಕಾರ್ಖಾನೆಗಳು ಸಾಲ ತೀರಿಸಲಾಗದೆ ಮುಚ್ಚಿದವು. ಅದೇ ವರ್ಷ ನವೆಂಬರಿನಲ್ಲಿ ಟಾಂಜಾನಿಯಾದ ಅಧ್ಯಕ್ಷ ಮಗುಫುಲಿ ಅವರು ವರ್ತಕರು ಕೇಳಿದ ಬೆಲೆ ತೀರ ಕಡಿಮೆಯೆಂದು ಸೈನ್ಯದ ಮೂಲಕವೇ ರೈತರಿಂದ ಬೀಜ ಖರೀದಿಗೆ ಇಳಿದರು.

ಇಂಥ ಕುಸಿತಕ್ಕೆ ಬ್ಯಾಂಕಿನಲ್ಲಿ ಕೊಳ್ಳಬಹುದಾದ ರಕ್ಷೆಯಿಲ್ಲ; ಗೇರುಬೀಜಕ್ಕೆ ಅಡಿಕೆ, ತೆಂಗಿನಂತೆಯೇ ನೆಚ್ಚಬಹುದಾದ ವಾಯಿದೆ ಪೇಟೆ ಬೆಳೆದಿಲ್ಲ. ದಾಸ್ತಾನನ್ನು ಒಂದೇ ಸಲ ತುಂಬದೆ, ಕೊಂಡ ಬೀಜದ ಒಂದು ಪಾಲಿಗಾದರೂ ತಿರುಳಿನ ಮಾರಾಟವನ್ನು ಅಂದೇ ಗೊತ್ತುಮಾಡಿಕೊಳ್ಳುವುದೊಂದೇ ದಾರಿ. ಬೆಲೆ ಏರುವಾಗ ಇದರಿಂದ ಲಾಭ ಕೈತಪ್ಪುತ್ತದೆ, ನೆರೆಯವನು ಹೆಚ್ಚು ಗಳಿಸುತ್ತಾನೆ. ಅದನ್ನು ನೋಡುತ್ತ ಸುಮ್ಮನಿರುವುದು ಲೆಕ್ಕಶಾಸ್ತ್ರದ ವಿಷಯವಲ್ಲ, ಆದರೆ ಕಷ್ಟದ ವಿಷಯ.

ನಂತರದ ವರ್ಷಗಳ ಘಟನೆಗಳನ್ನು ಓದುಗರು ಮರೆತಿಲ್ಲ. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಸಾರಿದಾಗ ಊರಿನ ಗೇರು ಕೊಯ್ಲು ನಡುಮಧ್ಯದಲ್ಲಿತ್ತು. ಮುಂಬಯಿಯ ಹೋಟೆಲುಗಳು ಮುಚ್ಚಿ, ಮೇ ತಿಂಗಳಲ್ಲಿ ಮರಳಿದವರು ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಕಳೆದರು. ಕಂತು ಮುಂದೂಡಿಕೆಯನ್ನು ಮನ್ನಾ ಎಂದು ತಿಳಿದವರು ಆಗಸ್ಟ್ ಕಳೆದ ಮೇಲೆ ಬಡ್ಡಿ ಬೆಳೆದಿರುವುದನ್ನು ಕಂಡರು. 2022ರಲ್ಲಿ ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆಗೂ, ಏಪ್ರಿಲ್ 28ರಿಂದ ಮೇ 23ರವರೆಗಿನ ಇಂಡೋನೇಷ್ಯದ ರಫ್ತು ನಿಷೇಧದಿಂದ ತಾಳೆ ಎಣ್ಣೆಗೂ ಅಭಾವ ತಲೆದೋರಿ, ತಿಂಡಿ ತಯಾರಕರೂ ಹೋಟೆಲಿನವರೂ ವಾರಕ್ಕೊಮ್ಮೆ ದರಪಟ್ಟಿ ತಿದ್ದುವಂತಾಯಿತು. ಗಂಗೊಳ್ಳಿಯ ಬೋಟುಗಳ ಡೀಸೆಲ್, ಮರವಂತೆ, ಉಪ್ಪುಂದದ ನಾಡದೋಣಿಗಳ ಸೀಮೆಎಣ್ಣೆಯ ಮಾತು ಪ್ರತ್ಯೇಕ ಲೇಖನವನ್ನೇ ಬೇಡುತ್ತದೆ. 2025ರ ಆಗಸ್ಟ್‌ನಲ್ಲಿ ಅಮೆರಿಕವು ಭಾರತದ ಸರಕುಗಳ ಮೇಲಿನ ಹೆಚ್ಚುವರಿ ಸುಂಕವನ್ನು ಶೇ. 50ಕ್ಕೆ ಏರಿಸಿದಾಗ ಸೀಗಡಿ ರಫ್ತುದಾರರಿಗೆ ಬಿದ್ದಷ್ಟು ಪೆಟ್ಟು ಗೇರಿಗೆ ಬೀಳದಿದ್ದುದಕ್ಕೆ ಕಾರಣ, ತಿರುಳಿನ ಬಹುಪಾಲು ಅದಾಗಲೇ ದೇಶೀಯ ಪೇಟೆಗೆ ತಿರುಗಿದ್ದು.

ಕೆಲವು ಘಟನೆಗಳು ಮಾತ್ರ ದಿನಾಂಕವನ್ನು ಮುಂಚಿತವಾಗಿಯೇ ತಿಳಿಸಿ ಬರುತ್ತವೆ. 2024ರ ಏಪ್ರಿಲ್‌ನಿಂದ ಕಚ್ಚಾ ಬೀಜದ ರಫ್ತನ್ನು ನಿಷೇಧಿಸುವುದಾಗಿ ಬೆನಿನ್ ಸರ್ಕಾರವು 2022ರಲ್ಲಿಯೇ ಪ್ರಕಟಿಸಿತ್ತು. ಐವರಿ ಕೋಸ್ಟ್ ಸರ್ಕಾರವು ಪ್ರತಿ ವರ್ಷ ಕೊಯ್ಲಿನ ಆರಂಭದಲ್ಲಿ ರೈತರಿಗೆ ಸಲ್ಲಬೇಕಾದ ಕನಿಷ್ಠ ಬೆಲೆಯನ್ನು ಘೋಷಿಸುತ್ತದೆ. ವಂಡ್ಸೆಯ ಸಂತೆಯಲ್ಲಿ ಮಾರ್ಚ್ ತಿಂಗಳ ಬೀಜಕ್ಕೆ ಯಾವ ದರ ನಡೆಯುವುದೆಂಬುದರ ಮೊದಲ ಸುಳಿವು ಸಿಗುವುದು ಆ ಘೋಷಣೆಯಲ್ಲಿ.